ಸೂಜಿಯ ಜ್ವರವೂ ಸರಕಾರದ ಮೌನವೂ

ಲಸಿಕೆಯ ಮಾತು ಬಂದೊಡನೆ ನಮ್ಮ ಜನರು ಬೇನೆಯ ಮಾತನ್ನಾಡುವದಿಲ್ಲ; ಸೂಜಿ ಚುಚ್ಚಿಸಿಕೊಂಡ ರಾತ್ರಿಯ ಮಾತನ್ನಾಡುತ್ತಾರೆ. ತೋಳು ಎಷ್ಟು ಬಾತಿತು, ಚಳಿ ಎಷ್ಟು ಹೊತ್ತಿಗೆ ಹತ್ತಿತು, ಎಷ್ಟು ದಿನ ಹೊಲಕ್ಕೆ ಹೋಗುವದಾಗಲಿಲ್ಲ, ಮಗ್ಗುಲ ಮನೆಯವರಿಗೆ ಏನೂ ಆಗದೆ ತಮಗೇ ಏಕೆ ಹೀಗಾಯಿತು ಎಂಬದನ್ನು ಕಟ್ಟೆಯ ಮೇಲೆ, ಸಂತೆಯಲ್ಲಿ, ಬಸ್ಸಿನಲ್ಲಿ ಹೇಳಿಕೊಳ್ಳುವದು ಎಂದಿನಿಂದಲೂ ನಡೆದುಬಂದಿದೆ. ಇದನ್ನು ಕೇಳಿದ ಸುಶಿಕ್ಷಿತರಲ್ಲಿ ಕೆಲವರು ಅಡಾಣಿ ಜನರ ಅಂಜುಬುರುಕುತನವೆಂದು ನಗುತ್ತಾರೆ. ಇನ್ನು ಕೆಲವರು ಅದೇ ಮಾತನ್ನು ಹಿಡಿದುಕೊಂಡು ಲಸಿಕೆಯೆಂದರೆ ವಿಷವೇ ಎಂದು ಡಂಗುರ ಸಾರುತ್ತಾರೆ. ಈ ಎರಡೂ ಪಕ್ಷಗಳು ನಮಗೆ ಒಪ್ಪಿಗೆಯಾಗಿರುವದಿಲ್ಲ. ಸೂಜಿ ಚುಚ್ಚಿಸಿಕೊಂಡವನು ತನ್ನ ಮೈಯಲ್ಲಾದುದನ್ನು ಹೇಳುವಾಗ ಅವನು ಸಾಕ್ಷಿಯೇ ಹೊರತು ಆರೋಪಿಯಲ್ಲ. ಅವನ ಸಾಕ್ಷ್ಯವನ್ನು ಬರೆದುಕೊಳ್ಳತಕ್ಕವರು ಯಾರು, ಬರೆದುಕೊಂಡುದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಅವನಿಗೆ ತಿರುಗಿ ತಿಳಿಸತಕ್ಕವರು ಯಾರು ಎಂಬದೇ ನಾವು ಇಂದು ವಿಚಾರಿಸಬೇಕೆಂದಿರುವ ಪ್ರಶ್ನೆ.

ಮೊದಲು ದೇವಿಯ ಮಾತು. ನಮ್ಮ ವಯಸ್ಸಿನವರ ತೋಳಿನ ಮೇಲೆ ಕಾಸಿನಗಲದ ಕಲೆಯೊಂದು ಇನ್ನೂ ಉಂಟು. ದೇವಿ ಹಾಕಿದ ಮೂರನೆಯ ನಾಲ್ಕನೆಯ ದಿನಕ್ಕೆ ಅಲ್ಲಿ ಕೆಂಪು ಗುಳ್ಳೆಯೇಳುವದು; ಎಂಟನೆಯ ದಿನದ ಹೊತ್ತಿಗೆ ಅದು ಕೀವು ತುಂಬಿ ಮುತ್ತಿನಂತಾಗುವದು, ಕಂಕುಳಲ್ಲಿ ಗಂಟು ಕಟ್ಟುವದು, ಜ್ವರ ಬರುವದು; ಮೂರನೆಯ ವಾರದಲ್ಲಿ ಹಕ್ಕಳೆಯುದುರಿ ಕಲೆ ಉಳಿಯುವದು. ಇದರಲ್ಲಿ ಒಂದು ವಿಶೇಷವಿದೆ. ಮುಂದೆ ಬಂದ ಲಸಿಕೆಗಳಲ್ಲಿ ಜ್ವರವನ್ನು ಉಪದ್ರವವೆಂದು ಎಣಿಸಿದರೆ, ದೇವಿಯಲ್ಲಿ ಗುಳ್ಳೆ ಏಳದಿದ್ದರೆ ‘ಹತ್ತಲಿಲ್ಲ’ ಎಂದು ತಿರುಗಿ ಹಾಕುತ್ತಿದ್ದರು. ದೇವಿ ಹಾಕುವವನೇ ಎಂಟು ದಿನಕ್ಕೆ ಊರಿಗೆ ಮತ್ತೆ ಬಂದು ಪ್ರತಿಯೊಂದು ಕೂಸಿನ ತೋಳನ್ನು ನೋಡಿ ತನ್ನ ಪುಸ್ತಕದಲ್ಲಿ ಗುರುತು ಮಾಡಿಕೊಳ್ಳುತ್ತಿದ್ದನು. ಮನೆಯವರಿಗೆ ಏನು ಆಗಲಿದೆಯೆಂಬದು ಮೊದಲೇ ಗೊತ್ತಿತ್ತು. ಕೂಸಿನ ಹಾಸಿಗೆಯ ಬಳಿ ಬೇವಿನ ಎಲೆಯನ್ನಿಟ್ಟು, ಗುಳ್ಳೆ ಕೆರೆಯದಂತೆ ಕಾಯ್ದು, ಅಮ್ಮನಿಗೆ ಮೊಸರನ್ನದ ಎಡೆ ಹಿಡಿದು ಮೂರು ವಾರ ಕಳೆಯುತ್ತಿದ್ದರು. ಈ ಆಚಾರಗಳನ್ನು ಹಾಸ್ಯ ಮಾಡುವದು ಸುಲಭ. ಆದರೆ ಬರಲಿರುವ ಜ್ವರಕ್ಕೆ ಮನೆಯು ಸಿದ್ಧವಾಗಿರುತ್ತಿತ್ತೆಂಬದನ್ನು ಮರೆಯಬಾರದು.

ಹಿಂದುಸ್ಥಾನದಲ್ಲಿ ಮೊಟ್ಟಮೊದಲು ದೇವಿ ಹತ್ತಿದ್ದು 1802ನೆಯ ಇಸವಿ ಜೂನ 14ಕ್ಕೆ, ಮುಂಬಯಿಯ ಆನಾ ಡಸ್ಟಾಲ್ ಎಂಬ ಮೂರು ವರ್ಷದ ಹುಡುಗಿಗೆ. ಆಗ ಲಸಿಕೆಯನ್ನು ಶೀಶೆಯಲ್ಲಿ ಕಾಯ್ದಿಡುವ ಉಪಾಯ ಸಾಲದ್ದರಿಂದ ಒಬ್ಬರ ತೋಳಿನ ಗುಳ್ಳೆಯೊಳಗಿನ ನೀರನ್ನು ತೆಗೆದು ಮತ್ತೊಬ್ಬರ ತೋಳಿಗೆ ಹಾಕುತ್ತ ಊರಿಂದೂರಿಗೆ ಒಯ್ಯುತ್ತಿದ್ದರು. ಯಾವ ಜಾತಿಯ ಕೂಸಿನ ತೋಳಿನದು ಯಾವ ಜಾತಿಯ ಕೂಸಿಗೆ ಎಂಬ ತಕರಾರು ಆಗ ಏಳದೆ ಇರಲಿಲ್ಲ. ಮೈಸೂರಿನಲ್ಲಿ 1806ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರಿಗೆ ದೇವಿ ಹಾಕಿಸುವ ಸಂಗತಿಯನ್ನು ದಿವಾನ ಪೂರ್ಣಯ್ಯನವರು ಪ್ರಕಟಿಸಿದ್ದರಿಂದ ಅನೇಕ ಪ್ರಜೆಗಳು ತಾವಾಗಿಯೇ ಮುಂದೆ ಬಂದರೆಂದು ಕಾಗದಪತ್ರಗಳಿಂದ ತಿಳಿದುಬರುತ್ತದೆ. ತಾಮಸ್ ಹಿಕಿ ಎಂಬ ಐರಿಶ್ ಚಿತ್ರಕಾರನ ಒಂದು ಪಟದಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಅವರಲ್ಲಿಯ ತರುಣಿಯೊಬ್ಬಳು ಸೆರಗು ಸರಿಸಿ ತೋಳಿನತ್ತ ಬೆರಳು ಮಾಡಿರುವದು ಇದರ ಪ್ರಚಾರಕ್ಕಾಗಿಯೇ ಎಂದು ಇತ್ತೀಚಿನ ಇತಿಹಾಸಕಾರರೊಬ್ಬರ ತರ್ಕ. ಎಲ್ಲ ಪಂಡಿತರೂ ಅದನ್ನು ಒಪ್ಪಿರುವದಿಲ್ಲ. ನಮಗಂತೂ ಅದು ಸುಳ್ಳಾಗದಿರಲಿ ಎನಿಸುತ್ತದೆ. ಅನಂತರದ ಕಾಲದಲ್ಲಿ ನಮ್ಮ ಬೆಳಗಾವಿಯಲ್ಲಿಯೇ ಕರುವಿನ ಮೈಮೇಲೆ ಈ ಲಸಿಕೆಯನ್ನು ಬೆಳೆಯಿಸುವ ಸಂಸ್ಥೆಯು ನಡೆದು, ಮುಂಬಯಿ ಇಲಾಖೆಯ ಊರೂರಿಗೆ ಅಲ್ಲಿಂದ ಲಸಿಕೆ ಹೋಗುತ್ತಿತ್ತು. ಕೊನೆಗೆ 1975ರ ಮೇ ತಿಂಗಳಲ್ಲಿ ಅಸ್ಸಾಮದ ಕರೀಮಗಂಜದಲ್ಲಿ ಕಂಡ ರೋಗಿಯೇ ಈ ದೇಶದ ಕೊನೆಯ ಸಿಡುಬಿನ ರೋಗಿ. 1980ರ ಮೇ 8ಕ್ಕೆ ಬೇನೆಯು ಭೂಮಿಯಿಂದಲೇ ಅಳಿಯಿತೆಂದು ಜಾಗತಿಕ ಆರೋಗ್ಯ ಸಭೆಯು ಸಾರಿತು. ನಮ್ಮ ತೋಳಿನ ಕಲೆ ನಮ್ಮ ಮಕ್ಕಳ ತೋಳಿನ ಮೇಲೆ ಇಲ್ಲದಿರುವದಕ್ಕೆ ಇದೇ ಕಾರಣ.

ದೇಶಭಕ್ತರಲ್ಲಿಯೇ ಲಸಿಕೆಯನ್ನು ಒಪ್ಪದವರು ಇದ್ದರೆಂಬದನ್ನು ನಾವು ಮರೆಮಾಚತಕ್ಕದ್ದಲ್ಲ. ಮಹಾತ್ಮಾ ಗಾಂಧಿಯವರು ದೇವಿ ಹಾಕಿಸುವದರ ವಿರುದ್ಧವಾಗಿ ಬರೆದರು. 1955ರಲ್ಲಿ ರಾಜಾಜಿಯವರು ಕ್ಷಯದ ಬಿ.ಸಿ.ಜಿ. ಲಸಿಕೆಯನ್ನು ದೇಶದ ಎಲ್ಲ ಮಕ್ಕಳಿಗೂ ಹಾಕುವದನ್ನು ಬಹಿರಂಗವಾಗಿ ವಿರೋಧಿಸಿದರು. ಮಹಾತ್ಮರ ಮತವನ್ನು ನಾವು ಅತ್ಯಂತ ಗೌರವದಿಂದಲೇ ಒಪ್ಪುವದಿಲ್ಲ. ಸಿಡುಬಿನ ನಾಶವು ಆ ವಾದಕ್ಕೆ ಉತ್ತರ ಕೊಟ್ಟಿದೆ. ಆದರೆ ಈ ಮಹನೀಯರ ಸಂಶಯದ ಬೇರು ಮೂಢತನದಲ್ಲಿರಲಿಲ್ಲ. ಪ್ರಜೆಯ ಮೈಮೇಲೆ ಕೈಯಿಡುವ ಮುನ್ನ ಆಳುವವನು ಪ್ರಜೆಗೆ ಕಾರಣ ಹೇಳಬೇಕೆಂಬ ಭಾವನೆ ಅದರಲ್ಲಿತ್ತು. ಪ್ಲೇಗಿನ ಕಾಲವನ್ನು ಕಂಡವರಿಗೆ ಆ ಭಾವನೆ ಏಕೆ ಹುಟ್ಟಿತೆಂದು ಬೇರೆ ಹೇಳಬೇಕಾಗಿರಲಿಲ್ಲ.

ಪ್ಲೇಗು ಮುಂಬಯಿಗೆ ಬಂದದ್ದು 1896ರಲ್ಲಿ. ಹಾಫ್ಕಿನ್ ಎಂಬ ವಿಜ್ಞಾನಿಯು ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಒಂದು ಸಣ್ಣ ಜಾಗೆಯಲ್ಲಿ ಕೆಲವೇ ತಿಂಗಳು ದುಡಿದು ಲಸಿಕೆಯನ್ನು ಸಿದ್ಧಪಡಿಸಿ, 1897ರ ಜಾನೆವರಿ 10ಕ್ಕೆ ಅದನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಅವನಿಗೆ ಜ್ವರ ಬಂದಿತು, ಚುಚ್ಚಿದಲ್ಲಿ ನೋವಾಯಿತು. ಅದನ್ನು ಅವನು ಮುಚ್ಚಿಡಲಿಲ್ಲ. ಆಮೇಲೆ ಭಾಯಖಳಾ ಸೆರೆಮನೆಯಲ್ಲಿ ಮುಂದೆ ಬಂದ ಕೈದಿಗಳಿಗೆ ಅದನ್ನು ಕೊಟ್ಟನು. 1898ರಲ್ಲಿ ಬೇನೆಯು ಹುಬ್ಬಳ್ಳಿಯನ್ನು ಹೊಕ್ಕಾಗ ಅಲ್ಲಿ ಸಹಸ್ರಾವಧಿ ಜನರು ಈ ಸೂಜಿಯನ್ನು ಹಾಕಿಸಿಕೊಂಡರು. ಅದೇ ವರ್ಷ ಅಗಸ್ಟದಲ್ಲಿ ಬೇನೆಯು ರೈಲಿನ ಹಾದಿಯಿಂದ ಬೆಂಗಳೂರನ್ನು ಮುಟ್ಟಿತು. ಹಾಫ್ಕಿನ್ನನ ಲಸಿಕೆಯಿಂದ ಬರುತ್ತಿದ್ದ ಜ್ವರ ಸಣ್ಣದಲ್ಲ. ದುಡಿಯುವವನು ಒಂದೆರಡು ದಿನ ಮಲಗಲೇಬೇಕಾಗುತ್ತಿತ್ತು. ಪ್ಲೇಗಿನ ಮೊದಲ ಲಕ್ಷಣವೂ ಜ್ವರವೇ ಆದ್ದರಿಂದ, ಸೂಜಿಯಿಂದಲೇ ಪ್ಲೇಗು ಬಂದಿತೆಂದು ಜನರು ತಿಳಿದರೆ ಆಶ್ಚರ್ಯವೇನು? ಮೇಲಾಗಿ ಸೂಜಿ ಹಿಡಿದ ಕೈಯೂ, ಮನೆ ಹೊಕ್ಕು ಸಾಮಾನು ಬೀದಿಗೆಸೆದ ಕೈಯೂ, ಹೆಂಗಸರನ್ನು ಎಳೆದು ಬಗಲು ಪರೀಕ್ಷಿಸಿದ ಕೈಯೂ ಒಂದೇ ಸರಕಾರದ್ದಾಗಿತ್ತು. ಪುಣೆಯಲ್ಲಿ ರ್‍ಯಾಂಡ್ ಸಾಹೇಬನ ಮೇಲೆ 1897ರ ಜೂನ 22ಕ್ಕೆ ಗುಂಡು ಹಾರಿದ ಕಾರಣವು ಇತಿಹಾಸವನ್ನು ಓದಿದವರೆಲ್ಲರಿಗೂ ವಿದಿತವಾದುದೇ.

1902ರ ಅಕ್ಟೋಬರ 30ಕ್ಕೆ ಪಂಜಾಬದ ಮಲ್ಕೋವಾಲ ಎಂಬ ಹಳ್ಳಿಯಲ್ಲಿ 107 ಜನರಿಗೆ ಪ್ಲೇಗಿನ ಲಸಿಕೆ ಹಾಕಲಾಯಿತು. ಒಂದೇ ಬುಡ್ಡಿಯಿಂದ ಹಾಕಿಸಿಕೊಂಡ 19 ಜನರು ಧನುರ್ವಾಯುವಿನಿಂದ ಸತ್ತರು. ಸರಕಾರವು ವಿಚಾರಣೆ ನಡೆಯಿಸಿ ತಪ್ಪೆಲ್ಲವನ್ನೂ ಪ್ರಯೋಗಶಾಲೆಯ ಮೇಲೆ ಹೊರಿಸಿ ಹಾಫ್ಕಿನ್ನನನ್ನು ಕೆಲಸದಿಂದ ದೂರ ಮಾಡಿತು. ಬುಡ್ಡಿಯು ಮುಂಬಯಿಯಿಂದ ಹೊರಟಾಗಲ್ಲ, ಹಳ್ಳಿಯಲ್ಲಿ ಅದನ್ನು ತೆರೆದಾಗಲೇ ಕೆಟ್ಟಿರಬೇಕೆಂಬದಕ್ಕೆ ಸಾಕ್ಷ್ಯವಿದ್ದರೂ ಅದು ಹೊರಬೀಳಲು ವರ್ಷಗಳೇ ಹಿಡಿದವು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವನ ಪಕ್ಷವನ್ನು ವಹಿಸಿ ಬಹಿರಂಗವಾಗಿ ಬರೆದ ಮೇಲೆ, 1907ರಲ್ಲಿ ಅವನ ಮೇಲಿನ ಕಳಂಕ ತೊಲಗಿತು. ವಿಜ್ಞಾನಿಗೆ ಆದ ಅನ್ಯಾಯದ ಕಥೆಯನ್ನು ಅನೇಕರು ಹೇಳುತ್ತಾರೆ. ಆ 19 ಮನೆಗಳವರಿಗೆ ಸತ್ಯವನ್ನು ಅವರ ಭಾಷೆಯಲ್ಲಿ ಹೇಳಲು ಯಾರಾದರೂ ಹೋದರೇ ಎಂದು ಕೇಳಿದವರನ್ನು ನಾವು ಕಂಡಿಲ್ಲ.

ಪರರ ಸರಕಾರದ ಮಾತು ಹಾಗಿರಲಿ. ಸ್ವಂತ ಸರಕಾರ ಬಂದ ಮೇಲೆ ನಾವು ಮಾಡಿದ್ದೇನು? ಹುಚ್ಚುನಾಯಿ ಕಡಿದವರಿಗೆ ಹೊಟ್ಟೆಯ ಮೇಲೆ 14 ಸೂಜಿ ಚುಚ್ಚುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ಆ ಹೆದರಿಕೆಗೇ ಕಡಿತವನ್ನು ಮುಚ್ಚಿಟ್ಟು ಪ್ರಾಣ ಕಳೆದುಕೊಂಡವರುಂಟು. ಅದು 1911ರಲ್ಲಿ ಕಸೌಲಿಯಲ್ಲಿ ಸೆಂಪಲ್ ಎಂಬವನು ಕುರಿಯ ಮೆದುಳಿನಿಂದ ತಯಾರಿಸಿದ ಲಸಿಕೆ. ಎಷ್ಟೋ ಪ್ರಾಣಗಳನ್ನು ಅದು ಉಳಿಸಿತು, ನಿಜ. ಆದರೆ ಮೆದುಳಿನ ಅಂಶವಿದ್ದ ಕಾರಣ ಕೆಲವರಿಗೆ ಅದರಿಂದಲೇ ಕೈಕಾಲು ಬೀಳುತ್ತಿದ್ದವು, ಕೆಲವರು ಸತ್ತದ್ದೂ ಉಂಟು. ಇದು ವೈದ್ಯರಿಗೆ ಗೊತ್ತಿದ್ದ ಸಂಗತಿ. ಇದಕ್ಕಿಂತ ಎಷ್ಟೋ ನಿರಪಾಯವಾದ ಹೊಸ ಲಸಿಕೆಗಳು ಬಂದು, ಹಣವುಳ್ಳವರು ಖಾಸಗಿ ದವಾಖಾನೆಯಲ್ಲಿ ಅವನ್ನು ತೋಳಿಗೆ ಚುಚ್ಚಿಸಿಕೊಳ್ಳುವಂತಾದ ಮೇಲೆಯೂ, ಬಡವರ ಹೊಟ್ಟೆಗೆ ಕುರಿಯ ಮೆದುಳಿನ ಲಸಿಕೆಯೇ ಬೀಳುತ್ತಿತ್ತು. ನಮ್ಮ ದೇಶದಲ್ಲಿ ಅದು ನಿಂತದ್ದು 2004ರ ಕೊನೆಗೆ. ಲಸಿಕೆಯ ವೈರಿಗಳು ಈ ಮಾತನ್ನು ಎತ್ತುವ ಮೊದಲು ಲಸಿಕೆಯ ಮಿತ್ರರಾದ ನಾವೇ ಎತ್ತುವದು ಲೇಸು.

ಇನ್ನು ಮಲೆನಾಡಿನ ಮಂಗನ ಕಾಯಿಲೆ. ನಮ್ಮ ಕನ್ನಡ ನಾಡಿನ ಅರಣ್ಯದ ಹೆಸರನ್ನೇ ಹೊತ್ತು ಜಗತ್ತಿನ ವೈದ್ಯಗ್ರಂಥಗಳಲ್ಲಿ ಸೇರಿದ ಬೇನೆಯಿದು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದುದನ್ನೂ, ಕಾಡಿಗೆ ಹೋದವರಿಗೆ ಜ್ವರ ಬಂದು ರಕ್ತ ಸೋರಿ ಸಾಯುತ್ತಿದ್ದುದನ್ನೂ ಕಂಡು ವೈದ್ಯರು ಇದನ್ನು ಹುಡುಕಿದರು. ಉಣುಗು ಕಚ್ಚುವದರಿಂದ ಬರುವ ಬೇನೆ. ಮಳೆ ಹಿಂದೆಗೆದ ಮೇಲೆ ತಲೆಯೆತ್ತಿ ಬೇಸಿಗೆ ಮುಗಿಯುವವರೆಗೂ ಇರುತ್ತದೆ. ನೂರಕ್ಕೆ 3ರಿಂದ 5 ಜನರು ಸಾಯುತ್ತಾರೆ. ಸೌದೆಗೂ ದರಕಿಗೂ ಹೋಗುವ ಹೆಂಗಸರು, ದನ ಮೇಯಿಸುವ ಹುಡುಗರು, ಅಡಿಕೆ ತೋಟದ ಆಳುಗಳು ಇದಕ್ಕೆ ತುತ್ತಾಗುವವರು.

ಇದಕ್ಕೆ ಲಸಿಕೆಯನ್ನು ಪರದೇಶದವರು ಮಾಡಿ ಕೊಡಲಿಲ್ಲ, ನಾವೇ ಮಾಡಿಕೊಂಡೆವು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಸಂಸ್ಥೆಯಲ್ಲಿ ಅದು ತಯಾರಾಗುತ್ತಿತ್ತು. ಸ್ವದೇಶಾಭಿಮಾನಿಗಳಿಗೆ ಇದು ಹೆಮ್ಮೆಯ ಸಂಗತಿಯೇ. ಆದರೆ ಆ ಸೂಜಿಯನ್ನು ಒಮ್ಮೆ ಹಾಕಿಸಿಕೊಂಡವರನ್ನು ಕೇಳಿ ನೋಡಬೇಕು. ಬೆಂಕಿ ಇಟ್ಟಂತೆ ಉರಿ, ತೋಳು ಎತ್ತಲಾಗದಂಥ ನೋವು. ಒಂದು ಸಲಕ್ಕೆ ಮುಗಿಯಿತೆಂದರೆ ಅದೂ ಇಲ್ಲ: ತಿಂಗಳ ಅಂತರದಿಂದ ಎರಡು ಸೂಜಿ, ಆರೆಂಟು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷ ವರ್ಷವೂ ಒಂದೊಂದು. ಅಡಿಕೆಯ ಕೊಯ್ಲಿನ ಕಾಲಕ್ಕೇ ಬೇನೆಯ ಕಾಲವೂ ಬರುತ್ತದೆ. ತೋಳು ಬಾತವನಿಗೆ ಕೊನೆ ಇಳಿಸುವದಾಗಲಿ ಹೊರೆ ಹೊರುವದಾಗಲಿ ಆಗುವದಿಲ್ಲ. ಆ ದಿನದ ಕೂಲಿ ಹೋಗುತ್ತದೆ. ಮೊದಲನೆಯದನ್ನು ಹಾಕಿಸಿಕೊಂಡವರು ಎರಡನೆಯದಕ್ಕೆ ತಪ್ಪಿಸಿಕೊಂಡರು, ಎರಡನೆಯದನ್ನು ಹಾಕಿಸಿಕೊಂಡವರು ಮೂರನೆಯದಕ್ಕೆ ಬರಲಿಲ್ಲ. ಇಂಥವರನ್ನು ಹಟಮಾರಿಗಳೆಂದು ಜರೆದ ಅಧಿಕಾರಿಗಳು, ನೋವಿನ ದಿನದ ಕೂಲಿಯನ್ನು ತುಂಬಿಕೊಡುವ ಮಾತನ್ನು ಆಡಿದ್ದು ನಮ್ಮ ಕಿವಿಗೆ ಬಿದ್ದಿಲ್ಲ.

ಇಷ್ಟಾಗಿಯೂ ಫಲವೆಷ್ಟು? 2005ರಿಂದ 2010ರವರೆಗಿನ ಲೆಕ್ಕವನ್ನು ಪರಿಶೀಲಿಸಿದ ವಿಜ್ಞಾನಿಗಳು, ಎರಡು ಸೂಜಿಯಿಂದ ನೂರಕ್ಕೆ ಸುಮಾರು 62ರಷ್ಟು, ಮೂರನೆಯದೂ ಸೇರಿದರೆ ಸುಮಾರು 83ರಷ್ಟು ರಕ್ಷಣೆಯೆಂದು ಕಂಡುಕೊಂಡರು. ಇದು ಅಲ್ಪವಲ್ಲ, ಆದರೆ ಮೂರನೆಯದಕ್ಕೆ ಬರುವವರೇ ವಿರಳವಾದಾಗ ಆ 83 ಯಾರ ಪಾಲಿಗೆ? ಮುಂದೆ ಲಸಿಕೆಯ ಬಲವೇ ಕುಂದಿದೆಯೆಂದು ಕಂಡುಬಂದು 2022ರಲ್ಲಿ ಅದನ್ನು ಕೊಡುವದನ್ನು ನಿಲ್ಲಿಸಲಾಯಿತು. ನೋವನ್ನು ಸಹಿಸಿ, ಕೂಲಿ ಕಳೆದುಕೊಂಡು, ಸರಕಾರದ ಮಾತಿನ ಮೇಲೆ ವಿಶ್ವಾಸವಿಟ್ಟು ವರ್ಷ ವರ್ಷವೂ ತೋಳು ಒಡ್ಡಿದವನಿಗೆ, ತಾನು ಹಾಕಿಸಿಕೊಂಡದ್ದರಲ್ಲಿ ಎಷ್ಟು ಬಲವಿತ್ತೆಂಬದನ್ನು ಅವನ ಊರಿಗೇ ಹೋಗಿ ಹೇಳಬೇಕಾಗಿತ್ತು. ವರ್ತಮಾನಪತ್ರಗಳಲ್ಲಿ ಬಂದದ್ದನ್ನು ಓದಿದವರು ತಿಳಿದುಕೊಂಡರು. ಓದದವರು ಮುಂದಿನ ವರ್ಷವೂ ಸೂಜಿಯವರ ದಾರಿ ಕಾಯ್ದರು.

ಕೊರೋನದ ಸಂಗತಿಯನ್ನು ವಿಸ್ತರಿಸಿ ಹೇಳುವ ಅವಶ್ಯಕತೆಯಿಲ್ಲ, ಎಲ್ಲರೂ ಅನುಭವಿಸಿದ್ದೇ. 2021ರ ಜಾನೆವರಿ 16ಕ್ಕೆ ಆರಂಭವಾದ ಕಾರ್ಯವು 2022ರ ಜುಲೈ 17ಕ್ಕೆ 200 ಕೋಟಿ ಸೂಜಿಗಳನ್ನು ಮುಟ್ಟಿತೆಂಬದು ಯಾವ ರಾಷ್ಟ್ರಕ್ಕಾದರೂ ಭೂಷಣವೇ. ನಾವೂ ಸಾಲಿನಲ್ಲಿ ನಿಂತೆವು. ಮೊದಲನೆಯ ಸೂಜಿಯ ರಾತ್ರಿ ಹನ್ನೆರಡರ ಸುಮಾರಿಗೆ ಎರಡು ಕಂಬಳಿ ಹೊದ್ದರೂ ನಿಲ್ಲದ ನಡುಕ, ಮೈಯೆಲ್ಲ ಜಜ್ಜಿದಂಥ ನೋವು, ಮರುದಿನ ಸಂಜೆಯವರೆಗೆ ಜ್ವರ. ಎರಡನೆಯದಕ್ಕೆ ತೋಳಿನ ನೋವೊಂದೇ. ಮನೆಯ ಹಿರಿಯರಿಗೆ ಎರಡು ಸಲವೂ ಏನೂ ಆಗಲಿಲ್ಲ. ಆದ್ದರಿಂದ ತಮಗೆ ‘ಬರೀ ನೀರು ಚುಚ್ಚಿದರು’ ಎಂದು ಅವರು ಇಂದಿಗೂ ನಂಬಿದ್ದಾರೆ. ಜ್ವರವೇ ಲಸಿಕೆ ಹತ್ತಿದ ಗುರುತೆಂಬ ದೇವಿಯ ಕಾಲದ ತಿಳಿವಳಿಕೆ ಅದು. ನಿಜವೇನೆಂದರೆ, ಹೊರಗಿನ ವಸ್ತುವನ್ನು ಕಂಡೊಡನೆ ಎಚ್ಚರಗೊಳ್ಳುವ ದೇಹದ ಮೊದಲ ಕಾವಲುಪಡೆಯು ಮೈಯ ಬಿಸಿಯನ್ನು ಏರಿಸುತ್ತದೆ. ಬೇನೆಯನ್ನು ನೆನಪಿನಲ್ಲಿಟ್ಟುಕೊಳ್ಳುವ ಎರಡನೆಯ ಪಡೆಯು ಸದ್ದಿಲ್ಲದೆ ವಾರಗಟ್ಟಲೆ ಸಿದ್ಧವಾಗುತ್ತದೆ. ಮೊದಲನೆಯದರ ಗದ್ದಲವು ಎಳೆಯರಲ್ಲಿ ಹೆಚ್ಚು, ಮುದುಕರಲ್ಲಿ ಕಡಿಮೆ. ಗದ್ದಲವಾಗದಿದ್ದ ಮಾತ್ರಕ್ಕೆ ಎರಡನೆಯದು ಸಿದ್ಧವಾಗಲಿಲ್ಲವೆಂದಲ್ಲ. ಸೂಜಿಯ ನಂತರ ಅರ್ಧ ತಾಸು ಕೂಡ್ರಿಸಿಕೊಳ್ಳುವದು ಇದಕ್ಕಾಗಿಯೂ ಅಲ್ಲ; ಲಕ್ಷಾಂತರಕ್ಕೆ ಒಬ್ಬರಿಗೆ ಒಮ್ಮೆಲೇ ಉಸಿರು ಕಟ್ಟಿ ರಕ್ತದ ಒತ್ತಡ ಕುಸಿಯುವ ವಿಪರೀತ ಸ್ಥಿತಿ ಬರುವದುಂಟು, ಅದು ಬರುವದು ಬಹುಮಟ್ಟಿಗೆ ಆ ಅರ್ಧ ತಾಸಿನೊಳಗೇ. ಇಷ್ಟನ್ನು ಸಾಲಿನಲ್ಲಿದ್ದವರಿಗೆ ಎರಡು ಮಾತಿನಲ್ಲಿ ಹೇಳಬಹುದಾಗಿತ್ತು. ನಮ್ಮ ಸಾಲಿನಲ್ಲಿ ಯಾರೂ ಹೇಳಲಿಲ್ಲ. ‘ಕೂಡ್ರಿ’ ಎಂದರು, ಕೂತೆವು.

ಇದಕ್ಕಿಂತ ಗಂಭೀರವಾದ ಮಾತು ಬೇರೆಯಿದೆ. ಕೋವಿಶೀಲ್ಡ ಬಗೆಯ ಲಸಿಕೆಯಿಂದ ಬಹು ವಿರಳವಾಗಿ ರಕ್ತ ಹೆಪ್ಪುಗಟ್ಟಿ ರಕ್ತಕಣಗಳು ಕುಸಿಯುವ ವ್ಯಾಧಿ ಬರುವದೆಂದು 2021ರ ಎಪ್ರಿಲದಲ್ಲಿಯೇ ಯುರೋಪದ ಅಧಿಕಾರಿಗಳು ಹೇಳಿದರು. ನಮ್ಮ ರಾಷ್ಟ್ರೀಯ ಸಮಿತಿಯು ಗಂಭೀರವೆಂದು ಬಂದ 498 ಪ್ರಕರಣಗಳನ್ನು ಪರಿಶೀಲಿಸಿ, ಅವುಗಳಲ್ಲಿ 26 ಹೆಪ್ಪುಗಟ್ಟುವಿಕೆಯ ಸಂಭವವುಳ್ಳವೆಂದೂ, ಹತ್ತು ಲಕ್ಷ ಸೂಜಿಗೆ 0.61ರ ಪ್ರಮಾಣವೆಂದೂ ಎಣಿಸಿತು. ಕೇಂದ್ರ ಸರಕಾರವು 2021ರ ಮೇ 17ಕ್ಕೆ ಅದನ್ನು ಪ್ರಕಟಿಸಿತು. ಇಂಥ ಸಣ್ಣ ಅಪಾಯದ ಎದುರಿಗೆ ಆ ವರ್ಷದ ಸ್ಮಶಾನಗಳ ಸಾಲನ್ನಿಟ್ಟು ತೂಗಿದವರಾರೂ ಲಸಿಕೆ ಬೇಡವೆನ್ನಲಾರರು. ಆದರೆ ಇಷ್ಟು ಸರಳವಾದ ಲೆಕ್ಕವು ಹಳ್ಳಿಯ ಗೋಡೆಗೆ ಬರಲಿಲ್ಲ. ತೀವ್ರವಾದ ತಲೆಶೂಲೆ, ಎದೆನೋವು, ಕಾಲು ಬಾವು ಕಂಡರೆ ಕೂಡಲೆ ದವಾಖಾನೆಗೆ ಹೋಗಿರೆಂಬ ಎಚ್ಚರಿಕೆಯೂ ಸೂಜಿಯ ಮೇಜಿನ ಮೇಲೆ ಕಾಣಲಿಲ್ಲ. ಮೂರು ವರ್ಷಗಳ ನಂತರ, 2024ರಲ್ಲಿ, ಇಂಗ್ಲೆಂಡದ ನ್ಯಾಯಾಲಯದ ಕಾಗದವೊಂದರ ಸುದ್ದಿಯು ಮೊಬೈಲಿನ ಮೂಲಕ ಮನೆಮನೆಗೂ ಹಬ್ಬಿದಾಗ, ಯಾವ ಕಾಲದಲ್ಲೋ ಸೂಜಿ ಹಾಕಿಸಿಕೊಂಡ ಜನರು ‘ನಮ್ಮಿಂದ ಮುಚ್ಚಿಟ್ಟರು’ ಎಂದು ಎದೆ ಹಿಡಿದುಕೊಂಡರು. ಸರಕಾರವು ಮುಚ್ಚಿಟ್ಟಿರಲಿಲ್ಲ, ಇಂಗ್ಲಿಷಿನಲ್ಲಿ ಹೇಳಿತ್ತು. ನಮ್ಮ ಜನಕ್ಕೆ ಈ ಎರಡರೊಳಗೆ ಭೇದವೇನು?

ಸರ್ವೋಚ್ಚ ನ್ಯಾಯಾಲಯವು 2022ರ ಮೇ 2ರ ತೀರ್ಪಿನಲ್ಲಿ, ಯಾರಿಗೂ ಬಲಾತ್ಕಾರದಿಂದ ಲಸಿಕೆ ಹಾಕತಕ್ಕದ್ದಲ್ಲವೆಂದೂ, ಲಸಿಕೆಯ ದುಷ್ಪರಿಣಾಮಗಳ ವರದಿಯನ್ನು ಜನರೂ ಖಾಸಗಿ ವೈದ್ಯರೂ ಕೊಡಲು ಅನುಕೂಲವಾಗುವಂತೆ, ಹೇಳಿದವರ ಹೆಸರು ಹೊರಬೀಳದಂತೆ, ಸರಕಾರವು ವ್ಯವಸ್ಥೆ ಮಾಡಬೇಕೆಂದೂ ವಿಧಿಸಿತು. ಲಸಿಕೆಯ ಸರಕಾರಿ ನೀತಿಯನ್ನು ಅದೇ ತೀರ್ಪು ಎತ್ತಿಹಿಡಿಯಿತೆಂಬದನ್ನೂ ಹೇಳಬೇಕು. ಅರ್ಧವನ್ನಷ್ಟೇ ಓದಿ ಕೂಗಾಡುವವರು ಎರಡೂ ಕಡೆಗೆ ಇದ್ದಾರೆ.

ಆಗದ ಮಾತನ್ನು ನಾವು ಕೇಳುತ್ತಿಲ್ಲ. ಕೂಸುಗಳ ಲಸಿಕೆಯ ಕಾರ್ಯದಲ್ಲಿ ಇದರ ಮಾದರಿ ಈಗಾಗಲೇ ಉಂಟು. ಸೂಜಿ ಹಾಕಿದ ಮೇಲೆ ತಾಯಿಗೆ ನಾಲ್ಕು ಮಾತು ಹೇಳಬೇಕೆಂಬದು ಸರಕಾರದ್ದೇ ನಿಯಮ: ಯಾವ ಬೇನೆಗೆ ಯಾವ ಲಸಿಕೆ ಹಾಕಿತು, ಮುಂದೆ ಎಂದು ಬರಬೇಕು, ಏನು ತೊಂದರೆಯಾಗಬಹುದು ಮತ್ತು ಆದರೆ ಏನು ಮಾಡಬೇಕು, ಕಾರ್ಡನ್ನು ಜೋಪಾನವಾಗಿಡಬೇಕು. ಒಂದು ಗುರುವಾರ ಧಾರವಾಡದ ಕಡೆಯ ಹಳ್ಳಿಯೊಂದರಲ್ಲಿ ನಾವು ಇದನ್ನು ಕಣ್ಣಾರೆ ಕಂಡೆವು. ತೊಡೆಗೆ ಸೂಜಿ ಬಿದ್ದು ಕೂಸು ಚೀರುತ್ತಿತ್ತು. ‘ಅಕ್ಕಾರ, ಹೋದ ಸಲ ರಾತ್ರಿಯೆಲ್ಲಾ ಮೈ ಕೆಂಡ ಆಗಿತ್ರೀ, ಅದಕ್ಕ ಈ ಸಲ ಕರಕೊಂಡ ಬರಬಾರದು ಅಂದಿದ್ರು ನಮ್ಮತ್ತಿ’ ಎಂದಳು ತಾಯಿ. ನರ್ಸಬಾಯಿಯು ಸಿಟ್ಟಾಗಲಿಲ್ಲ. ‘ಇವತ್ತೂ ಬೆಚ್ಚಗ ಆಗತೈತಿ ತಂಗಿ. ದಪ್ಪ ಕೌದಿ ಹೊಚ್ಚಬ್ಯಾಡ, ಎದಿಹಾಲು ಬಿಡಸಬ್ಯಾಡ, ಈ ಔಷಧ ಇಷ್ಟ ಗೆರಿತನಕ ಹಾಕು. ನಾಳೆ ಸಂಜಿಗೂ ಇಳೀಲಿಲ್ಲ, ಇಲ್ಲಾ ಫಿಟ್ಸ ಬಂತು ಅಂದ್ರ ನನಗ ಫೋನ ಮಾಡು’ ಎಂದು ಕಾರ್ಡಿನ ಹಿಂದೆ ತನ್ನ ನಂಬರನ್ನು ಬರೆದುಕೊಟ್ಟಳು. ಮುಂದಿನ ಕೂಸಿಗೆ ಕೈಹಾಕುವ ಮೊದಲು ಹೋದ ಸಲದ ಜ್ವರವನ್ನು ತನ್ನ ವಹಿಯಲ್ಲಿಯೂ ಗುರುತು ಮಾಡಿಕೊಂಡಳು. ಇಡೀ ಮಾತುಕತೆಗೆ ಎರಡು ಮಿನಿಟು ಸಹ ಹಿಡಿಯಲಿಲ್ಲ.

ಮಂಗನ ಕಾಯಿಲೆಗೆ ಹೊಸ ಲಸಿಕೆಯನ್ನು ತರುವ ಪ್ರಯತ್ನವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಕೈಕೊಂಡಿದೆ. ಅದು ಸಿದ್ಧವಾಗಿ ಬಂದಾಗ ಸೊರಬ, ಸಾಗರ, ತೀರ್ಥಹಳ್ಳಿ, ಸಿದ್ದಾಪುರಗಳ ಹಳ್ಳಿಗಳಿಗೇ ಮೊದಲು ಹೋಗತಕ್ಕದ್ದು. ಹಳೆಯ ಸೂಜಿಯ ಉರಿಯನ್ನು ಮರೆಯದ ಜನರಿರುವ ಊರುಗಳು ಅವು. ಹೊಸದರಿಂದ ಎಷ್ಟು ನೋವು, ಎಷ್ಟು ದಿನ, ನೂರಕ್ಕೆ ಎಷ್ಟು ಜನರಿಗೆ ಜ್ವರ, ಎಷ್ಟು ರಕ್ಷಣೆ, ವಿಪರೀತವಾದರೆ ಹೇಳಬೇಕಾದವರು ಯಾರು, ಹೇಳಿದ್ದಕ್ಕೆ ಉತ್ತರ ಎಷ್ಟು ದಿನದಲ್ಲಿ ಬರುವದು ಎಂಬದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಸೂಜಿಗಿಂತ ಮೊದಲು ಮನೆಮನೆಗೆ ಮುಟ್ಟಿಸಬೇಕು. ಮಲಗಿದ ದಿನದ ಕೂಲಿಯ ಪ್ರಶ್ನೆಯನ್ನೂ ಆಗಲೇ ತೀರಿಸಿರಬೇಕು. ಹಳೆಯ ಲಸಿಕೆಯ ಬಲ ಯಾವ ವರ್ಷದಿಂದ ಎಷ್ಟೆಷ್ಟು ಕುಂದಿತ್ತೆಂಬ ಲೆಕ್ಕವು ಸರಕಾರದ ಕಡತಗಳಲ್ಲಿದ್ದರೆ, ಅದನ್ನೂ ಅದೇ ಹಾಳೆಯಲ್ಲಿ ಸೇರಿಸತಕ್ಕದ್ದು.